ಬಿಡುವಾದಾಗ ಬನ್ನಿ

ಆಸ್ಪತ್ರೆಯ ಫೋನು ಎತ್ತುತ್ತಿದ್ದ ಹೆಂಗಸಿಗೆ ಊರಿನವರು ಇಟ್ಟ ಹೆಸರು ಫೋನಕ್ಕ. ಇಪ್ಪತ್ತಾರು ವರ್ಷ ಅವಳು ಕೂತದ್ದು ಮೆಟ್ಟಿಲ ಕೆಳಗಿನ ಒಂದು ಪುಟ್ಟ ಕೋಣೆಯಲ್ಲಿ. ಅಲ್ಲಿ ಸೂರು ಮೆಟ್ಟಿಲಿನ ಜೊತೆಗೇ ಇಳಿಯುತ್ತಿದ್ದುದರಿಂದ ನೆಟ್ಟಗೆ ಎದ್ದರೆ ತಲೆಗೆ ಪೆಟ್ಟು. ಮೊದಲು ಎಡಕ್ಕೆ ಬಾಗಿ ಆಮೇಲೆ ಏಳುವುದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಮನೆಯಲ್ಲಿ ಉಂಡು ಏಳುವಾಗಲೂ ಹಾಗೇ ಬಾಗುತ್ತಿದ್ದಳು. "ಇಲ್ಲಿ ಸೂರು ಮೇಲೇ ಇದೆ ತಾಯಿ, ನೆಟ್ಟಗೆ ಏಳು" ಎಂದು ಅತ್ತೆ ನಗಾಡುತ್ತಿದ್ದರು. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮನೆಯಲ್ಲಿದ್ದದ್ದು ಅತ್ತೆ, ಸೊಸೆ ಇಬ್ಬರೇ.

ಅವಳ ಮುಖ ಊರಿನಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ದನಿ ಮಾತ್ರ ಎಲ್ಲರಿಗೂ ಗೊತ್ತು. ದಿನಸಿ ಅಂಗಡಿಯಲ್ಲಿ ಅವಳು ಅರ್ಧ ಕೆಜಿ ಸಕ್ಕರೆ ಕೇಳಿದರೆ ಪಕ್ಕದಲ್ಲಿ ನಿಂತವರು ತಿರುಗಿ ನೋಡುತ್ತಿದ್ದರು. ಕೆಲವರ ಮುಖ ಅರಳುತ್ತಿತ್ತು, ಕೆಲವರದು ಬಾಡುತ್ತಿತ್ತು. ಆ ದನಿ ಯಾವತ್ತೋ ಒಂದು ದಿನ ಅವರಿಗೆ ಏನು ಹೇಳಿತ್ತೋ ಅದರ ಮೇಲೆ.

ಅವಳ ಕೆಲಸದಲ್ಲಿ ಮುಖ್ಯವಾದದ್ದು ರಿಪೋರ್ಟಿನ ಸುದ್ದಿ ತಿಳಿಸುವುದು. ಲ್ಯಾಬಿನ ಕಿಟಕಿಯ ಪಕ್ಕದಲ್ಲಿ ಎರಡು ಟ್ರೇ ಇರುತ್ತಿದ್ದವು. ಗಾಬರಿಪಡುವಂಥದ್ದೇನೂ ಇಲ್ಲದ ರಿಪೋರ್ಟುಗಳನ್ನು ಲ್ಯಾಬಿನವಳು ಬಲಗಡೆಯ ಟ್ರೇಯಲ್ಲಿ ಹಾಕುತ್ತಿದ್ದಳು. ಡಾಕ್ಟರು ತಡಮಾಡದೆ ನೋಡಬೇಕಾದವು ಎಡಗಡೆಯದರಲ್ಲಿ; ಆದರೆ ರೋಗಿ ಬಂದು ತೆಗೆದುಕೊಂಡು ಹೋದಾಗಲೇ ಅವು ಡಾಕ್ಟರ ಕೈ ಸೇರುತ್ತಿದ್ದದ್ದು. ಫೋನಕ್ಕ ದಿನಕ್ಕೆ ಎರಡು ಸಲ ಹೋಗಿ ಎರಡೂ ಟ್ರೇಯ ಹೆಸರುಗಳನ್ನು ಬರೆದುಕೊಂಡು ಬರುತ್ತಿದ್ದಳು. ಬಲಗಡೆಯವರಿಗೆ ಅವಳು ಹೇಳುತ್ತಿದ್ದದ್ದು: "ನಿಮ್ಮ ರಿಪೋರ್ಟ್ ಬಂದಿದೆ, ಬಿಡುವಾದಾಗ ಬನ್ನಿ." ಎಡಗಡೆಯವರಿಗೆ: "ನಿಮ್ಮ ರಿಪೋರ್ಟ್ ಬಂದಿದೆ. ನಾಳೆ ಬೆಳಿಗ್ಗೆ ಮನೆಯವರನ್ನ ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಬನ್ನಿ." ಕಾಯಿಲೆಯ ಹೆಸರನ್ನು ಫೋನಿನಲ್ಲಿ ಹೇಳಬಾರದೆಂದು ಅವಳಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವಳು ಮೊದಲ ದಿನವೇ ಕಿವಿಯಲ್ಲಿ ಹೇಳಿ ಹೋಗಿದ್ದಳು. ಇದ್ಯಾವುದನ್ನೂ ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ.

ವರ್ಷಗಳು ಕಳೆದಂತೆ ಊರಿಗೆ ಇದು ತಾನಾಗಿ ತಿಳಿದುಹೋಯಿತು. ಮೊದಲ ಮಾತು ಕೇಳಿದವರು ಫೋನಿಟ್ಟು ಮತ್ತೆ ತಟ್ಟೆಯ ಮುಂದೆ ಕೂರುತ್ತಿದ್ದರು. ಎರಡನೆಯದನ್ನು ಕೇಳಿದವರು ನಿಂತಲ್ಲೇ ಗೋಡೆ ಹಿಡಿದುಕೊಳ್ಳುತ್ತಿದ್ದರು. ಬಿಡುವಾದಾಗ ಬನ್ನಿ ಎಂದಳೆಂದರೆ ಹೋಗದೇ ಇದ್ದರೂ ನಡೆಯುತ್ತದೆ ಎಂದು ಎಷ್ಟೋ ಜನ ಹೋಗುತ್ತಲೇ ಇರಲಿಲ್ಲ. ಹೆಂಡತಿ ಮುಖ ಗಂಟಿಕ್ಕಿಕೊಂಡು "ಸ್ವಲ್ಪ ಬನ್ನಿ ಇಲ್ಲಿ" ಎಂದು ಒಳಗಿಂದ ಕರೆದರೆ "ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಬರಬೇಕಾ?" ಎಂದು ಗಂಡಂದಿರು ಕೇಳುವಷ್ಟು ಅದು ಮನೆಮಾತಾಗಿತ್ತು.

ಒಂದು ದಿನ ಮೇಲ್ವಿಚಾರಕರು ಅವಳನ್ನು ಕರೆಸಿದರು. ಪಕ್ಕದಲ್ಲಿ ಕಂಪ್ಯೂಟರ್ ವಿಭಾಗದ ಹುಡುಗ ಕೂತಿದ್ದ. ಸಣಕಲು ಆಳು, ಮಾತು ಮೆತ್ತಗೆ.

"ಮೂರು ವರ್ಷದಿಂದ ನಿಮ್ಮ ಕರೆಗಳೆಲ್ಲ ರೆಕಾರ್ಡ್ ಆಗಿವೆ ಅಕ್ಕ," ಎಂದ ಅವನು. "ಹನ್ನೊಂದು ಸಾವಿರ ಚಿಲ್ಲರೆ. ಅವನ್ನೆಲ್ಲ ಕೇಳಿಸಿ ಎಐಗೆ ಕಲಿಸ್ತೀವಿ. ಇನ್ಮೇಲೆ ಅದೇ ಫೋನು ಎತ್ತುತ್ತೆ. ನಿಮ್ಮದೇ ದನಿ, ನಿಮ್ಮದೇ ಮಾತು. ನಿಮಗೆ ಸುಸ್ತೂ ಇಲ್ಲ."

"ನಾನೇನು ಮಾಡ್ಲಿ ಹಾಗಾದ್ರೆ?"

"ಹಿಂದುಗಡೆ ಫೈಲುಗಳ ಕೋಣೇಲಿ ಕೆಲಸ ಇದೆ," ಎಂದರು ಮೇಲ್ವಿಚಾರಕರು. "ಅಲ್ಲಿ ಸೂರು ಎತ್ತರವಾಗಿದೆ."

ಅವಳು ತೋರಿಸಿದಲ್ಲಿ ಸಹಿ ಹಾಕಿದಳು. ಟ್ರೇಗಳ ವಿಷಯ ಅವರು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ತನ್ನಿಂದಲೇ ಕಲಿತದ್ದಲ್ಲವೇ, ತನಗೆ ಗೊತ್ತಿರುವುದೆಲ್ಲ ಅದಕ್ಕೂ ಗೊತ್ತಿರುತ್ತದೆ ಎಂದುಕೊಂಡಳು.

ಮನೆಗೆ ಬಂದು ಹೇಳಿದಾಗ ಅತ್ತೆ ಬಹಳ ಹೊತ್ತು ಅವಳ ಕುತ್ತಿಗೆಯನ್ನೇ ನೋಡಿದರು.

"ರಕ್ತ ತೆಗೆದ ಹಾಗೆ ತೆಗೆದ್ರಾ? ನೋವಾಯ್ತಾ?"

"ಏನೂ ತೆಗೀಲಿಲ್ಲ ಅತ್ತೆ. ರೆಕಾರ್ಡ್ ಮಾಡಿಕೊಂಡಿದಾರೆ."

"ರೇಡಿಯೋ ತರಾನಾ?"

"ಹಾಗಲ್ಲ. ನಾನು ಯಾವತ್ತೂ ಹೇಳದೇ ಇರೋದನ್ನೂ ಅದು ಹೇಳುತ್ತಂತೆ. ನನ್ನ ತರಾನೇ."

"ನೀನು ಹೇಳದೇ ಇರೋದನ್ನ ನಿನ್ನ ದನೀಲಿ ಹೇಳಿದ್ರೆ, ಅದಕ್ಕೆ ಬಯ್ಯಿಸಿಕೊಳ್ಳೋರು ಯಾರು?" ಎಂದರು ಅತ್ತೆ.

ಅವಳು ಎಡಕ್ಕೆ ಬಾಗಿ ಎದ್ದು ಅತ್ತೆಯ ಮಾತ್ರೆ ತರಲು ಒಳಗೆ ಹೋದಳು.

ಊರಿನಲ್ಲಿ ತಲೆಗೊಂದು ಮಾತು ಹುಟ್ಟಿತು. ಎಐ ಅನ್ನುವುದೆಲ್ಲ ಸುಳ್ಳು, ಅವಳನ್ನೇ ಹಿಂದಿನ ಕೋಣೆಯಲ್ಲಿ ಕೂರಿಸಿ ಮಾತಾಡಿಸುತ್ತಿದ್ದಾರೆ ಎಂದು ಕ್ಷೌರದಂಗಡಿಯವನು ಹೇಳಿದ. ಅದಕ್ಕೆ ಪ್ರಪಂಚದಲ್ಲಿರುವುದೆಲ್ಲ ಗೊತ್ತು, ನಮ್ಮ ಮನಸ್ಸಿನಲ್ಲಿರುವುದೂ ಗೊತ್ತು ಎಂದು ಪತ್ರಿಕೆ ಓದಿದ ಮೇಷ್ಟರು ಹೇಳಿದರು. ಅವಳು ಸತ್ತ ಮೇಲೂ ಅದು ಮಾತಾಡುತ್ತಲೇ ಇರುತ್ತದೆ ಎಂದು ಬಟ್ಟೆ ಇಸ್ತ್ರಿಯವಳು ಅವಳ ಎದುರಿಗೇ ಹೇಳಿ ನಾಲಿಗೆ ಕಚ್ಚಿಕೊಂಡಳು. ದಿನಸಿ ಅಂಗಡಿಯವನು ಒಂದು ಸಂಜೆ, "ನಿನ್ನೆ ನನ್ನ ಹೆಂಡತಿ ಜೊತೆ ಎಷ್ಟು ಸಮಾಧಾನವಾಗಿ ಮಾತಾಡಿದ್ರಿ ಅಕ್ಕ," ಎಂದು ಸಕ್ಕರೆಯ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕಿಕೊಟ್ಟ. ನಾನಲ್ಲ ಎನ್ನುವಷ್ಟರಲ್ಲಿ ಮುಂದಿನ ಗಿರಾಕಿ ಬಂದಿದ್ದ. ಆ ಸಕ್ಕರೆಯನ್ನು ಮನೆಗೆ ತರುವಾಗ ಬೇರೆ ಯಾರದೋ ಸಾಮಾನು ಎತ್ತಿಕೊಂಡು ಬಂದಂತೆ ಅವಳ ಕೈ ಹಿಂಜರಿಯಿತು.

ಕುತೂಹಲ ತಡೆಯದೆ ಒಂದು ಮಧ್ಯಾಹ್ನ ಫೈಲುಗಳ ಕೋಣೆಯಿಂದ ಅವಳೇ ಆ ನಂಬರಿಗೆ ಫೋನು ಮಾಡಿದಳು. "ನಮಸ್ಕಾರ, ಆಸ್ಪತ್ರೆ. ಹೇಳಿ," ಎಂದಿತು ಅವಳ ದನಿ. "ಹೇಳಿ" ಎನ್ನುವುದಕ್ಕೆ ಮುಂಚೆ ಅವಳು ಒಳಗೆಳೆದುಕೊಳ್ಳುತ್ತಿದ್ದ ಚೂರು ಉಸಿರೂ ಅದರಲ್ಲಿತ್ತು. ಯಾರ ಉಸಿರು ಅದು, ಯಾವ ಎದೆಯಿಂದ ಬಂತು ಎಂಬ ಯೋಚನೆ ಬಂತು ಅವಳಿಗೆ. ಮಾತಾಡದೆ ಇಟ್ಟುಬಿಟ್ಟಳು. ಅಂದಿನಿಂದ ಅವಳಿಗೆ ತನ್ನ ಮಾತು ತನಗೇ ಕೇಳಿಸತೊಡಗಿತು. "ಅತ್ತೆ, ಮಾತ್ರೆ ತಗೊಂಡ್ರಾ?" ಎಂದು ಕೇಳಿ, ಕೇಳಿದ್ದು ಯಾರು ಎಂಬಂತೆ ಒಂದು ಗಳಿಗೆ ಸುಮ್ಮನಾಗುತ್ತಿದ್ದಳು. ಬರಬರುತ್ತಾ ಮನೆಯಲ್ಲಿ ಮಾತೇ ಕಡಿಮೆಯಾಯಿತು.

ಒಂದು ತಿಂಗಳಾಗಿರಬೇಕು. ಹಳೆಯ ಫೈಲೊಂದನ್ನು ಕೊಡಲು ಅವಳು ಲ್ಯಾಬಿಗೆ ಹೋದಳು. ಕಿಟಕಿಯ ಪಕ್ಕದ ಟ್ರೇಗಳ ಮೇಲೆ ಅಭ್ಯಾಸಬಲದಿಂದ ಕಣ್ಣು ಹೋಯಿತು. ಬಲಗಡೆಯದು ಎಂದಿನಂತೆ ತುಂಬಿತ್ತು. ಎಡಗಡೆಯದೂ ತುಂಬಿತ್ತು.

ಅವಳು ಕಿಟಕಿಯ ಹತ್ತಿರ ಹೋದಳು. ಇಪ್ಪತ್ತಾರು ವರ್ಷದಲ್ಲಿ ಎಡಗಡೆಯ ಟ್ರೇಯಲ್ಲಿ ಮೂರೋ ನಾಲ್ಕೋ ಲಕೋಟೆಗಿಂತ ಹೆಚ್ಚು ನೋಡಿದವಳಲ್ಲ. ಅವಳ ಮಾತು ಕೇಳಿದವರು ಮರುದಿನವೇ, ಕೆಲವರು ಅಂದೇ, ಜೊತೆಗೊಬ್ಬರನ್ನು ಕರೆದುಕೊಂಡು ಓಡಿ ಬರುತ್ತಿದ್ದರು. ಎಣಿಸಿದಳು. ಹದಿನೇಳು ಲಕೋಟೆ.

"ಇವರ್‍ಯಾರೂ ಯಾಕೆ ಬಂದಿಲ್ಲ?"

"ಅದನ್ನೇ ನಾನೂ ಅಂದುಕೊಳ್ತಿದ್ದೆ," ಎಂದಳು ಲ್ಯಾಬಿನವಳು. "ಜನಕ್ಕೆ ಈಗ ಹೆದರಿಕೆನೇ ಇಲ್ಲ ಅಂತ. ಎಲ್ಲರಿಗೂ ಫೋನು ಹೋಗಿದೆಯಂತೆ. ನಿಮ್ಮ ಯಂತ್ರ ಹೇಳಿದೆಯಲ್ಲ."

ಫೋನಕ್ಕ ಕಂಪ್ಯೂಟರ್ ಹುಡುಗನ ಕೋಣೆಗೆ ನಡೆದಳೋ ಓಡಿದಳೋ ಅವಳಿಗೇ ನೆನಪಿಲ್ಲ.

"ರಿಪೋರ್ಟ್ ಬಂದವರಿಗೆ ಅದು ಏನಂತ ಹೇಳುತ್ತೆ?"

"ನೀವು ಹೇಳ್ತಿದ್ದದ್ದನ್ನೇ ಅಕ್ಕ. ಬಿಡುವಾದಾಗ ಬನ್ನಿ ಅಂತ."

"ಎಲ್ಲರಿಗೂ?"

"ಎಲ್ಲರಿಗೂ. ನಿಮ್ಮ ಕರೆಗಳಲ್ಲಿ ರಿಪೋರ್ಟ್ ಅಂದ ಮೇಲೆ ನೂರಕ್ಕೆ ತೊಂಬತ್ತೈದು ಸಲ ಬರೋದು ಅದೇ ಮಾತು."

"ಉಳಿದ ಐದು?"

ಅವನು ತಲೆ ಕೆರೆದುಕೊಂಡ. "ಅದು ಯಾಕೆ ಬೇರೆ ಹೇಳ್ತಿದ್ರಿ ಅಂತ ಅದಕ್ಕೆ ಗೊತ್ತಾಗಲ್ಲವಲ್ಲ. ರಿಪೋರ್ಟ್ ಬಂದಿದೆ ಅಂತ ಮಾತ್ರ ಅದಕ್ಕೆ ತಿಳಿಯೋದು. ಒಳಗೇನಿದೆ ಅಂತ ಕಾಣಲ್ಲ."

"ಟ್ರೇ ಕಾಣಲ್ವಾ?"

"ಯಾವ ಟ್ರೇ?" ಎಂದ ಅವನು.

ಅದು ಅವಳ ಉಸಿರನ್ನೂ ಕಲಿತಿತ್ತು. ಅವಳು ದಿನಕ್ಕೆರಡು ಸಲ ಕುರ್ಚಿ ಬಿಟ್ಟು ಬಾಗಿ ಎದ್ದು ಎಲ್ಲಿಗೆ ಹೋಗಿ ಬರುತ್ತಿದ್ದಳು ಎಂಬುದು ಹನ್ನೊಂದು ಸಾವಿರ ಕರೆಗಳಲ್ಲಿ ಒಂದರಲ್ಲೂ ಇರಲಿಲ್ಲ.

ಮೇಲ್ವಿಚಾರಕರು ಊರಲ್ಲಿರಲಿಲ್ಲ. ಹದಿನೇಳರಲ್ಲಿ ಎಲ್ಲಕ್ಕಿಂತ ಹಳೆಯ ಲಕೋಟೆ ಇಪ್ಪತ್ತಮೂರು ದಿನದ್ದು. ಹಾಸಿಗೆ ಹೊಲಿಯುವ ಮುದುಕರದು, ಎದೆಯ ಪರೀಕ್ಷೆಯದು. ಒಳಗೇನಿದೆ ಎಂದು ಅವಳು ಲ್ಯಾಬಿನವಳನ್ನು ಕೇಳಿದಳು. ಅಷ್ಟು ವರ್ಷದಲ್ಲಿ ಕೇಳಿದ್ದು ಅದೇ ಮೊದಲು. ಆಮೇಲೆ ಅದನ್ನು ಚೀಲದಲ್ಲಿಟ್ಟುಕೊಂಡು ಹೊರಟಳು. ಫೋನು ಮಾಡಬಹುದಿತ್ತು. ಆದರೆ ಅವಳ ದನಿಯನ್ನು ಫೋನಿನಲ್ಲಿ ಕೇಳಿದರೆ ಅವರು ಯಾರೆಂದುಕೊಳ್ಳುತ್ತಾರೆ?

ಹಾಸಿಗೆಯಂಗಡಿ ಒಂದು ಉದ್ದನೆಯ ಕೋಣೆ. ಹತ್ತಿಯ ನವಿರು ಗಾಳಿಯಲ್ಲಿ ತೇಲುತ್ತಾ ಬಲ್ಬಿನ ಮೇಲೆ, ಕ್ಯಾಲೆಂಡರಿನ ಮೇಲೆ, ಮುದುಕರ ಹುಬ್ಬಿನ ಮೇಲೆ ಕೂತಿತ್ತು. ಅವರು ಅರ್ಧ ಹೊಲಿದ ಹಾಸಿಗೆಯ ಮೇಲೇ ಕೂತು ಗೇಣುದ್ದದ ಸೂಜಿಯಿಂದ ಅಂಚು ಹಿಡಿಯುತ್ತಿದ್ದರು. ಮಗಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಹತ್ತಿ ತುಂಬುತ್ತಿದ್ದಳು.

"ನಾನು ಆಸ್ಪತ್ರೆಯಿಂದ ಬಂದಿದೀನಿ ಯಜಮಾನರೇ," ಎಂದಳು ಫೋನಕ್ಕ.

ಅಷ್ಟೇ ಸಾಕಾಯಿತು. "ಓ, ಫೋನಕ್ಕ. ದನಿ ಕೇಳಿದ ಕೂಡಲೇ ಗೊತ್ತಾಯ್ತು. ಮಗಳೇ, ನೋಡೇ, ಮೊನ್ನೆ ಮಾತಾಡಿದ್ರಲ್ಲ, ಅವರೇ ಬಂದಿದಾರೆ. ಕೂತ್ಕೊಳ್ಳಿ, ಹಾಸಿಗೆ ಅಂಗಡೀಲಿ ಕೂರೋಕೆ ಜಾಗ ಇಲ್ಲ ಅನ್ನೋ ಹಾಗಿಲ್ಲ." ನಕ್ಕರು. ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ.

ಅವಳು ಕಾದಳು. ಆಮೇಲೆ ಇಪ್ಪತ್ತಾರು ವರ್ಷ ಹೇಳಿದ ಮಾತನ್ನೇ ಹೇಳಿದಳು.

"ನಿಮ್ಮ ರಿಪೋರ್ಟ್ ಬಂದಿದೆ. ನಾಳೆ ಬೆಳಿಗ್ಗೆ ಮಗಳನ್ನ ಜೊತೆಗೆ ಕರ್ಕೊಂಡು ಬನ್ನಿ."

ಸೂಜಿ ಬಟ್ಟೆಯೊಳಗೆ ಅರ್ಧಕ್ಕೇ ನಿಂತಿತು. ಮಗಳು ಮೂಗಿನ ಬಟ್ಟೆಯನ್ನು ಕೆಳಗೆಳೆದಳು.

"ಬಿಡುವಾದಾಗ ಬನ್ನಿ ಅಂದಿದ್ರಿ," ಎಂದರು ಮುದುಕರು.

"ಅದು ನಾನಲ್ಲ."

"ಮತ್ತ್ಯಾರು?"

"ಯಂತ್ರ. ನನ್ನ ದನಿ ಹಾಕಿದಾರೆ ಅದಕ್ಕೆ."

"ಯಂತ್ರಕ್ಕೆ ನನ್ನ ಕೆಮ್ಮಿನ ಚಿಂತೆ ಯಾಕೆ ತಾಯಿ? ಕೆಮ್ಮು ಹೇಗಿದೆ ಅಂದ್ರಿ. ಹತ್ತಿ ಕೆಲಸ ಮಾಡೋವಾಗ ಮೂಗಿಗೆ ಬಟ್ಟೆ ಕಟ್ಕೊಳ್ಳಿ ಅಂದ್ರಿ. ನಲವತ್ತು ವರ್ಷದಲ್ಲಿ ಯಾರೂ ಹೇಳಿರಲಿಲ್ಲ ಹಾಗೆ. ಇವಳು ಕಟ್ಕೊಂಡಿರೋದು ನೀವು ಹೇಳಿದ್ದಕ್ಕೇ."

"ಅದು ಹೇಳಿರಬಹುದು. ನಾನು ಹೇಳಿಲ್ಲ."

"ಇದೊಳ್ಳೆ ಚೆನ್ನಾಗಿದೆ," ಎಂದು ಅವರು ಪಕ್ಕದಲ್ಲಿದ್ದ ಫೋನು ಕೈಗೆತ್ತಿಕೊಂಡು, ಎಲ್ಲರಿಗೂ ಕೇಳುವಂತೆ ಇಟ್ಟು, ಆಸ್ಪತ್ರೆಯ ನಂಬರು ಒತ್ತಿದರು.

"ನಮಸ್ಕಾರ, ಆಸ್ಪತ್ರೆ. ಹೇಳಿ," ಎಂದಿತು.

ಮಗಳು ಫೋನನ್ನು ನೋಡಿದಳು, ಫೋನಕ್ಕನ ಮುಚ್ಚಿದ ಬಾಯಿಯನ್ನು ನೋಡಿದಳು, ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿದಳು.

"ನಾನಕ್ಕ, ಹಾಸಿಗೆಯವನು. ನನ್ನ ರಿಪೋರ್ಟ್ ವಿಷಯ."

"ನಿಮ್ಮ ರಿಪೋರ್ಟ್ ಬಂದಿದೆ ಯಜಮಾನರೇ. ಬಿಡುವಾದಾಗ ಬನ್ನಿ. ಕೆಮ್ಮು ಈಗ ಹೇಗಿದೆ?"

ಫೋನಕ್ಕನಿಗೆ ತಡೆಯಲಾಗಲಿಲ್ಲ. ಬಾಗಿ, ಪಕ್ಕದ ಕುರ್ಚಿಯ ಗೆಳತಿಯನ್ನು ಕೇಳುವಂತೆ ಕೇಳಿದಳು: "ಎಡಗಡೆ ಟ್ರೇ ನೋಡಿದ್ಯಾ ನೀನು?"

ಫೋನಿನಲ್ಲಿ ಆ ಚೂರು ಉಸಿರು ಕೇಳಿಸಿತು. "ಕ್ಷಮಿಸಿ, ಅರ್ಥ ಆಗ್ಲಿಲ್ಲ. ಯಾರು ಮಾತಾಡ್ತಿರೋದು?"

ಏನು ಹೇಳಬೇಕು? ನಾನು ಎನ್ನಬೇಕೆ? ಹಾಗೆಂದರೆ ಅದೂ ನಾನು ಎನ್ನುವುದಿಲ್ಲವೇ?

"ನೋಡಿದ್ರಾ," ಎಂದರು ಮುದುಕರು, ಫೋನು ಆರಿಸುತ್ತಾ. "ನೀವ್ಯಾರು ಅಂತ ಅವರಿಗೇ ಗೊತ್ತಿಲ್ಲ. ಇಬ್ಬರಲ್ಲಿ ಒಬ್ಬರದು ತಪ್ಪು. ಅದು ನಿಮ್ಮದೇ ಯಾಕಾಗಿರಬಾರದು? ಅದಕ್ಕೆ ಮರೆವಿಲ್ಲ, ಸುಸ್ತಿಲ್ಲ, ಎಲ್ಲಾ ತಿಳಿದಿದೆ ಅಂತ ಪೇಪರಲ್ಲಿ ಬರುತ್ತೆ. ನಿಮಗೂ ಮನಸ್ಸಿಗೆ ಬೇಜಾರಾಗಿರುತ್ತೆ, ಕುರ್ಚಿ ಹೋಯ್ತಲ್ಲ."

"ಅಪ್ಪಾ, ಇವರು ನಡ್ಕೊಂಡು ಬಂದಿದಾರೆ," ಎಂದಳು ಮಗಳು.

"ಬಂದ್ರೆ? ಮುಂದಿನ ವಾರ ಈ ಹಾಸಿಗೆಗಳನ್ನ ಮುಗಿಸಿಕೊಡ್ಬೇಕು. ಬಿಡುವಾದಾಗ ಹೋದ್ರಾಯ್ತು."

ಸೂಜಿ ಮತ್ತೆ ನಡೆಯತೊಡಗಿತು. ಫೋನಕ್ಕನ ಹತ್ತಿರ ಇದ್ದದ್ದು ಒಂದೇ ಮಾತು, ಅದು ಕೆಲಸಕ್ಕೆ ಬರಲಿಲ್ಲ. ಇನ್ನೊಂದು ಮಾತು ಅವಳ ಚೀಲದಲ್ಲಿತ್ತು. ಅಂಥ ಮಾತನ್ನು ಅವಳು ಜೀವಮಾನದಲ್ಲಿ ಯಾರಿಗೂ ಹೇಳಿದವಳಲ್ಲ. ಗಂಡನಿಗೂ ಹೇಳಿರಲಿಲ್ಲ. ಅವನ ರಿಪೋರ್ಟು ಬಂದಾಗ ಅವಳು ಎದುರಿಗೆ ಕೂತು, "ನಾಳೆ ಜೊತೆಗೆ ಹೋಗೋಣ," ಎಂದಿದ್ದಳು ಅಷ್ಟೆ.

ಅವಳು ಲಕೋಟೆ ತೆಗೆದು ಸೂಜಿಯ ಮುಂದೆ ಇಟ್ಟಳು.

"ನಿಮ್ಮ ಶ್ವಾಸಕೋಶದಲ್ಲಿ ಗಡ್ಡೆ ಇದೆ. ಅದು ಒಳ್ಳೆಯದಲ್ಲ ಅಂತ ಬರೆದಿದಾರೆ. ಇಪ್ಪತ್ತಮೂರು ದಿನದಿಂದ ಈ ಕಾಗದ ನಮ್ಮ ಹತ್ತಿರ ಬಿದ್ದಿದೆ. ನಾನು ಆ ಯಂತ್ರಕ್ಕೆ ಹೇಳಿಕೊಡಲಿಲ್ಲ. ಅದರಿಂದ ಹೀಗಾಯ್ತು."

ದನಿ ಒಡೆದಿತ್ತು, ಮೊನಚಾಗಿತ್ತು, ಅವಳದೇ ಎಂದು ಅವಳಿಗೇ ಅನ್ನಿಸಲಿಲ್ಲ. ಮುದುಕರು ತಲೆಯೆತ್ತಿ ಅವಳ ಮುಖವನ್ನು ಮೊದಲ ಬಾರಿಗೆ ಎಂಬಂತೆ ನೋಡಿದರು. ಆಮೇಲೆ ಸೂಜಿಯನ್ನು ಹಾಸಿಗೆಗೆ ಚುಚ್ಚಿಟ್ಟು, ಮಂಡಿ ಹಿಡಿದು ಎದ್ದರು.

"ಇಂಥದ್ದನ್ನ ಅದು ಹೇಳಲ್ಲ," ಎಂದರು. "ಮಗಳೇ, ಬಾಗಿಲು ಹಾಕು. ಈಗಲೇ ಹೋಗೋಣ."

ಉಳಿದ ಹದಿನಾರು ಮನೆಗೆ ಅವಳು, ಲ್ಯಾಬಿನವಳು, ಕಂಪ್ಯೂಟರ್ ಹುಡುಗ ಮೂವರೂ ಹಂಚಿಕೊಂಡು ನಾಲ್ಕು ದಿನ ನಡೆದರು. ಒಂದು ಮನೆಗೆ ಬೀಗ ಹಾಕಿತ್ತು; ಅವರು ಎಲ್ಲಿಗೆ ಹೋದರೆಂದು ಪಕ್ಕದವರಿಗೆ ಗೊತ್ತಿರಲಿಲ್ಲ. ಆ ಲಕೋಟೆ ಈಗಲೂ ಎಡಗಡೆಯ ಟ್ರೇಯಲ್ಲೇ ಇದೆ. ಮೇಲ್ವಿಚಾರಕರು ಬಂದು ರಿಪೋರ್ಟಿನ ವಿಷಯ ಹೇಳುವುದನ್ನು ಯಂತ್ರದಿಂದ ತೆಗೆಸಿದರು. ಅದನ್ನು ಮತ್ತೆ ಅವಳಿಗೇ ಕೊಟ್ಟರು. ಬೇರೆ ಕರೆಗಳಿಗೆ ಅದೇ ದನಿ ಮುಂದುವರಿಯಿತು. ಆದರೆ ಈಗ ಅವಳು ಯಾರಿಗೆ ಫೋನು ಮಾಡಿ ಬಿಡುವಾದಾಗ ಬನ್ನಿ ಎಂದರೂ ಅವರು ಆ ಕಡೆಯಿಂದ "ನಿಜವಾಗ್ಲೂ ಬಿಡುವಾದಾಗ್ಲೇನಾ?" ಎಂದು ಕೇಳುತ್ತಿದ್ದರು. ಮರುದಿನ ಬೆಳಿಗ್ಗೆಯೇ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬಂದು ಕಿಟಕಿಯ ಮುಂದೆ ನಿಲ್ಲುತ್ತಿದ್ದರು. ನೆಟ್ಟಗಿದ್ದವರೂ ಈಗ ಹೆದರುತ್ತಿದ್ದರು.

ಹಾಸಿಗೆ ಯಜಮಾನರಿಗೆ ವಾರ್ಡಿನಲ್ಲಿ ಬಾಗಿಲ ಪಕ್ಕದ ಹಾಸಿಗೆ ಸಿಕ್ಕಿತು. "ಹೊಲಿಗೆ ಸರಿಯಿಲ್ಲ ಇದರದು" ಎಂದು ಮೊದಲ ದಿನವೇ ತಕರಾರು ತೆಗೆದರು. ಆ ಇಪ್ಪತ್ತಮೂರು ದಿನ ಮೊದಲೇ ಅವರು ಬಂದಿದ್ದರೆ ಏನಾದರೂ ವ್ಯತ್ಯಾಸವಾಗುತ್ತಿತ್ತೇ ಎಂದು ಫೋನಕ್ಕ ಡಾಕ್ಟರನ್ನು ಕೇಳಿದಳು. ಡಾಕ್ಟರು ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ತೊಳೆದರು.

"ಈಗ ಅದನ್ನ ತಿಳ್ಕೊಂಡು ಏನು ಮಾಡ್ತೀರಿ," ಎಂದರು.

ಅವಳು ದಿನಾ ಬೆಳಿಗ್ಗೆ ಕೆಲಸಕ್ಕೆ ಮುಂಚೆ ವಾರ್ಡಿಗೆ ಹೋಗಿ ಅವರ ಹತ್ತಿರ ಕೂರತೊಡಗಿದಳು. ಔಷಧಿ ಹಾಕಿದ ಮೇಲೆ ಅವರು ಒಣಗುತ್ತಾ ಬಂದರು. ಅವರು ಕೇಳಿದ್ದಕ್ಕೆಲ್ಲ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. ಗಡ್ಡೆ ಚಿಕ್ಕದಾಗಿಲ್ಲ ಎಂದು ಹೇಳಿದ್ದೂ ಅವಳೇ. ಆ ದಿನ ಅವರು ಗೋಡೆಯ ಕಡೆ ಹೊರಳಿ ಮಲಗಿದರು.

ಅಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಅವಳು ಮತ್ತೆ ವಾರ್ಡಿಗೆ ಹೋದಳು. ಬಾಗಿಲ ಹೊರಗೇ ಅವಳಿಗೆ ತನ್ನ ದನಿ ಕೇಳಿಸಿತು. ಮೆತ್ತಗೆ, ಬೆಚ್ಚಗೆ, ಆತುರವಿಲ್ಲದೆ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ತಾನು ಮಾತಾಡುತ್ತಿದ್ದಂತೆ.

"ಕೆಮ್ಮು ಹೇಗಿದೆ ಯಜಮಾನರೇ?"

"ಇದೆ ಅಕ್ಕ. ನಿದ್ದೆ ಬರಲ್ಲ."

"ತಲೆ ಸ್ವಲ್ಪ ಎತ್ತರಕ್ಕೆ ಇಟ್ಕೊಂಡು ಮಲಗಿ. ಹೆದರಬೇಡಿ."

"ಹೆದರಲ್ಲ ಬಿಡಿ. ಮತ್ತೆ ಹೇಳಿ."

"ಹೆದರಬೇಡಿ."

ಅವಳು ಒಳಗೆ ಹೋದಳು. ಫೋನು ದಿಂಬಿನ ಮೇಲೆ, ಅವರ ಕಿವಿಯ ಪಕ್ಕದಲ್ಲಿತ್ತು. ಮುದುಕರು ಕಣ್ಣು ತೆರೆದು ಅವಳನ್ನು ಕಂಡು, ಸಿಕ್ಕಿಬಿದ್ದವರಂತೆ ನಾಚಿ, ಕೈಯೆತ್ತಿ ತಡೆದರು.

"ಒಂದ್ನಿಮಿಷ ಇರಿ ಅಕ್ಕ," ಎಂದರು. "ನಿಮ್ಮ ಜೊತೆಗೇ ಮಾತಾಡ್ತಿದೀನಿ."

ಅವಳು ಮಂಚದ ಕಾಲ ಬಳಿ ನಿಂತಳು. ಅವರಿಬ್ಬರ ಮಾತು ಮುಗಿಯುವವರೆಗೂ ನಿಂತೇ ಇದ್ದಳು.